ನೀರು ತೆಗೆದರೂ ಅಮ್ಮನಿಗೆ ಉಬ್ಬಸ: ಎಕ್ಸ್‌ರೇ ನಂಬಬೇಕೋ, ಅಮ್ಮನನ್ನೋ?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ಅಮ್ಮನಿಗೆ 64 ವರ್ಷ, ಸ್ತನ ಕ್ಯಾನ್ಸರ್ ಇದೆ. ಬಲಗಡೆ ಶ್ವಾಸಕೋಶದ ಸುತ್ತ ನೀರು ತುಂಬಿತ್ತು. ಸೋಮವಾರ ಸೂಜಿ ಹಾಕಿ 1,200 ಮಿ.ಲೀ. ತೆಗೆದರು. ಅದಕ್ಕೆ ಮೊದಲು ನರ್ಸ್ ಒಂದು ಗೆರೆ ಕೊಟ್ಟು ‘ಎಷ್ಟು ಉಬ್ಬಸವಿದೆ, ಗುರುತು ಹಾಕಿ’ ಎಂದರು, ಮರುದಿನವೂ ಹಾಕಿಸಿದರು. ಮೊದಲು 78, ಆಮೇಲೆ 61. ಎಕ್ಸ್‌ರೇ ಚೆನ್ನಾಗಿದೆಯಂತೆ. ಅಮ್ಮ ಮಾತ್ರ ‘ಅಷ್ಟೇನೂ ಹಗುರಾಗಲಿಲ್ಲ’ ಎನ್ನುತ್ತಾರೆ. ಇದು ಬರೀ ಮನಸ್ಸಿನ ಭಯವೇ?

ಉತ್ತರ: ಭಯ ಎಂದು ತಳ್ಳಿಹಾಕಬೇಡಿ. ನೀರು ತೆಗೆಯುವುದೇ ಅವರಿಗೆ ಹಗುರಾಗಲಿ ಎಂದು. ಹಾಗಿರುವಾಗ ಹಗುರಾಯಿತೇ ಎಂಬುದನ್ನು ಫಿಲ್ಮಿಗಿಂತ ಮೊದಲು ಹೇಳಬೇಕಾದವರು ಅವರೇ.

ಆ ಗೆರೆ 100 ಮಿ.ಮೀ. ಉದ್ದದ್ದು. ಒಂದು ತುದಿಯಲ್ಲಿ ‘ಉಬ್ಬಸವೇ ಇಲ್ಲ’, ಇನ್ನೊಂದು ತುದಿಯಲ್ಲಿ ‘ಇದಕ್ಕಿಂತ ಕೆಟ್ಟದ್ದಿಲ್ಲ’. ರೋಗಿ ಹಾಕಿದ ಗುರುತನ್ನು ಸ್ಕೇಲಿನಿಂದ ಅಳೆಯುತ್ತೇವೆ. ಶ್ವಾಸಕೋಶದ ಸುತ್ತ ನೀರು ತುಂಬಿದವರಲ್ಲಿ ಇದನ್ನೇ ಪರೀಕ್ಷಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸುಮಾರು 19 ಮಿ.ಮೀ. ಇಳಿದರೆ ರೋಗಿಗೆ ಅದು ಗೊತ್ತಾಗುವಷ್ಟು ಬದಲಾವಣೆ. ನಿಮ್ಮ ಅಮ್ಮನದು 17. ಅಂದರೆ ಅವರ ಮಾತೂ ಗೆರೆಯೂ ಹೊಂದುತ್ತಿವೆ. ಆದರೆ 19 ಎಂಬುದು ಹಲವರ ಸರಾಸರಿಯಿಂದ ಬಂದ ಸಂಖ್ಯೆ, ಅದನ್ನು ಪರೀಕ್ಷೆಯ ಪಾಸ್ ಮಾರ್ಕಿನಂತೆ ಹಿಡಿಯಬೇಡಿ.

ಎಕ್ಸ್‌ರೇಗೂ ಉಸಿರಿಗೂ ತಾಳೆಯಾಗದಿರುವುದು ನಮಗೆ ಹೊಸದಲ್ಲ. ಒಂದು ಲೀಟರ್ ನೀರು ಎಂದರೆ ಹೆಚ್ಚುಕಡಿಮೆ ಒಂದು ಕಿಲೋ ಭಾರ. ಅದು ವಪೆಯನ್ನು, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವನ್ನು, ಕೆಳಕ್ಕೆ ತಳ್ಳಿರುತ್ತದೆ. ನೀರು ಹೋದಾಗ ವಪೆ ಮತ್ತೆ ಕಮಾನಿನಂತೆ ಮೇಲೇರಿ ಸರಿಯಾಗಿ ಕೆಲಸ ಮಾಡುತ್ತದೆ. ಹಾಗಾಗಿ ಶ್ವಾಸಕೋಶ ಪೂರ್ತಿ ಅರಳದಿದ್ದರೂ ಕೆಲವರು ‘ಬದುಕಿದೆ’ ಎನ್ನುತ್ತಾರೆ. ಇದರ ತಿರುವುಮುರುವೂ ಉಂಟು: ಫಿಲ್ಮ್ ಸ್ವಚ್ಛ, ಉಬ್ಬಸ ಹಾಗೇ. ಆಗ ಬೇರೆ ಕಾರಣ ಹುಡುಕಬೇಕು: ಕೀಮೋದಿಂದ ರಕ್ತ ಕಡಿಮೆಯಾಗಿರಬಹುದು, ಹೃದಯ ಸೋತಿರಬಹುದು, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸೇರಿರಬಹುದು. ಈ 17ನ್ನು ನಿಮ್ಮ ವೈದ್ಯರಿಗೆ ಹೇಳಿ, ಇವನ್ನೂ ನೋಡಿದ್ದಾರೆಯೇ ಎಂದು ಕೇಳಿ. ಉಬ್ಬಸ ಇದ್ದಕ್ಕಿದ್ದಂತೆ ಏರಿದರೆ, ಎದೆನೋವು ಅಥವಾ ಜ್ವರ ಬಂದರೆ ಗೆರೆ ಎಳೆಯುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ಮನೆಯಲ್ಲೂ ದಿನಾ ಹಾಕಿಸಬಹುದೇ? ಆ ಹಾಳೆಯನ್ನು ಜೆರಾಕ್ಸ್ ಮಾಡಿಸಿದ್ದೇನೆ.

ಉತ್ತರ: ಮೊದಲು ಆ ಜೆರಾಕ್ಸಿನ ಗೆರೆಗೆ ಸ್ಕೇಲ್ ಇಡಿ! ಯಂತ್ರ ಹಿಗ್ಗಿಸಿಯೋ ಕುಗ್ಗಿಸಿಯೋ ಕೊಟ್ಟಿದ್ದರೆ 100 ಮಿ.ಮೀ. 106 ಅಥವಾ 94 ಆಗಿರಬಹುದು. ದಿನಾ ಒಂದೇ ಹೊತ್ತಿನಲ್ಲಿ, ಒಂದೇ ಪ್ರಶ್ನೆ ಕೇಳಿ. ‘ಈಗ ಹೇಗಿದೆ’ ಮತ್ತು ‘ಇವತ್ತಿಡೀ ಹೇಗಿತ್ತು’ ಎರಡೂ ಬೇರೆ ಬೇರೆ. ನಿನ್ನೆಯ ಗುರುತನ್ನು ನಾನಾದರೆ ತೋರಿಸುವುದಿಲ್ಲ.

ಇನ್ನೊಂದು ಮಾತು, ನೀವು ಪಕ್ಕದಲ್ಲಿ ನಿಂತಿರಬೇಡಿ. ನನ್ನ ಒಬ್ಬ ಹಿರಿಯ ರೋಗಿ ವಾರವಿಡೀ ಸರಿಯಾಗಿ ನಡುವಿಗೇ ಗುರುತು ಹಾಕುತ್ತಿದ್ದರು. ಕೇಳಿದರೆ, ‘ಜಾಸ್ತಿ ಹಾಕಿದರೆ ಮಗ ಸಾಲ ಮಾಡುತ್ತಾನೆ, ಕಡಿಮೆ ಹಾಕಿದರೆ ನೀವು ಮನೆಗೆ ಕಳಿಸುತ್ತೀರಿ’ ಎಂದರು. ಅಂದಿನಿಂದ ಗುರುತು ಹಾಕಿಸುವಾಗ ಮನೆಯವರನ್ನು ಚಹಾಕ್ಕೆ ಕಳಿಸುತ್ತೇನೆ.

ಗೆರೆಯ ಕೆಳಗೆ ಒಂದು ಸಾಲು ಬರೆದಿಡಿ: ರಾತ್ರಿ ಎಷ್ಟು ದಿಂಬು ಬೇಕಾಯಿತು, ಸ್ನಾನದ ನಡುವೆ ಕೂತರೇ, ಬಾಗಿಲಿನಿಂದ ಗೇಟಿನವರೆಗೆ ಹೋಗುವಾಗ ನಿಂತರೇ. ಒಮ್ಮೊಮ್ಮೆ ನನಗೆ ಸಂಖ್ಯೆಗಿಂತ ಈ ಸಾಲೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಪ್ರಶ್ನೆ (ಮತ್ತೊಬ್ಬರು): ನಮ್ಮ ತಂದೆಗೆ ಕ್ಯಾನ್ಸರಿನಿಂದ ನೀರು ಮತ್ತೆ ಮತ್ತೆ ತುಂಬುತ್ತಿದೆ. ನೀರು ತುಂಬುವ ಜಾಗಕ್ಕೆ ಟಾಲ್ಕ್ ಪುಡಿ ಹಾಕಿ ಶ್ವಾಸಕೋಶದ ಪೊರೆಯನ್ನು ಎದೆಗೋಡೆಗೆ ಅಂಟಿಸಬಹುದು, ಇಲ್ಲವೇ ಮನೆಯಲ್ಲೇ ನೀರು ತೆಗೆಯುವ ಟ್ಯೂಬ್ ಇಡಬಹುದು ಎಂದಿದ್ದಾರೆ. ಯಾವುದರಲ್ಲಿ ಉಸಿರು ಹೆಚ್ಚು ಹಗುರ?

ಉತ್ತರ: ಬ್ರಿಟನ್ನಿನಲ್ಲಿ 106 ಜನರ ಮೇಲೆ ಇದನ್ನೇ ಹೋಲಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ರೋಗಿಗಳು 42 ದಿನ ಇದೇ 100 ಮಿ.ಮೀ. ಗೆರೆಯಲ್ಲಿ ದಿನಾ ಗುರುತು ಹಾಕಿದರು. ಎರಡೂ ಗುಂಪಿನಲ್ಲಿ ಉಬ್ಬಸ ಇಳಿಯಿತು, ವ್ಯತ್ಯಾಸ ಕಾಣಲಿಲ್ಲ. ಟ್ಯೂಬಿನವರು ಆಸ್ಪತ್ರೆಯಲ್ಲಿ ಕಡಿಮೆ ದಿನ ಇದ್ದರು, ಆದರೆ ತೊಡಕುಗಳು ಅವರಲ್ಲೇ ಹೆಚ್ಚು. ಹಾಗಾಗಿ ಮನೆಯಲ್ಲಿ ಟ್ಯೂಬನ್ನು ಶುಚಿಯಾಗಿ ನೋಡಿಕೊಳ್ಳುವವರು ಯಾರು ಎಂದು ಮೊದಲು ಯೋಚಿಸಿ. ಶ್ವಾಸಕೋಶ ಅರಳದೆ ಸಿಕ್ಕಿಕೊಂಡಿದ್ದರೆ ಪುಡಿ ಸಾಮಾನ್ಯವಾಗಿ ಹಿಡಿಯುವುದಿಲ್ಲ, ಅಂಥವರಿಗೆ ಟ್ಯೂಬೇ ಸರಿ.

ಪ್ರಶ್ನೆ: ಅಜ್ಜಿಗೆ ಓದು ಬಾರದು, ಗೆರೆ ತಲೆಗೆ ಹತ್ತುವುದಿಲ್ಲ. ನಾನೇ ನೋಡಿ ಹಾಕಲೇ?

ಉತ್ತರ: ಬೇಡ. ನೀವು ಹಾಕಿದರೆ ಅದು ನಿಮ್ಮ ಆತಂಕದ ಅಳತೆಯಾಗುತ್ತದೆ. ಹತ್ತು ಹುಣಸೆ ಬೀಜ ಮುಂದಿಟ್ಟು, ‘ಉಬ್ಬಸ ಎಷ್ಟಿದೆಯೋ ಅಷ್ಟು ಬೀಜ ಈ ಕಡೆ ಸರಿಸಜ್ಜಿ’ ಎನ್ನಿ. ಎಷ್ಟು ಸರಿಸಿದರು, ಯಾವ ಹೊತ್ತು ಎಂದು ಬರೆದುಕೊಳ್ಳಿ. ಒಮ್ಮೆ ಬೀಜದಲ್ಲಿ ಶುರುಮಾಡಿದರೆ ಕೊನೆಯವರೆಗೂ ಬೀಜವೇ ಇರಲಿ, ನಡುವೆ ಗೆರೆಗೆ ಬದಲಾಯಿಸಬೇಡಿ.