ಸಹಾಯ ಬೇಕು: ವಿಯೆಟ್ನಾಂ ಗೆಳತಿ ಮನೆಗೆ ಬರುತ್ತಿದ್ದಾಳೆ, ಸಿ-ಫಾರಂ ತುಂಬುವುದು ಹೇಗೆ?

ನಮಸ್ಕಾರ. ಹೋದ ವರ್ಷ ಒಬ್ಬಳೇ ವಿಯೆಟ್ನಾಂ ಸುತ್ತಿ ಬಂದೆ. ಹನೋಯ್‌ನ ಹಳೇ ಪೇಟೆಯಲ್ಲಿ ಬೈಕುಗಳ ಹೊಳೆ ನೋಡಿ ರಸ್ತೆ ದಾಟಲಾಗದೆ ನಿಂತಿದ್ದೆ. ಒಬ್ಬ ಹುಡುಗಿ ಬಂದು ಕೈ ಹಿಡಿದಳು. ಓಡಬಾರದು, ನಿಲ್ಲಲೂಬಾರದು, ಒಂದೇ ಸಮ ನಡೆಯಬೇಕು, ಬೈಕಿನವರೇ ಪಕ್ಕಕ್ಕೆ ಸರಿದು ಹೋಗುತ್ತಾರೆ ಅಂತ ಕಲಿಸಿದಳು. ನಮ್ಮ ಮೈಸೂರಿನ ದೇವರಾಜ ಮಾರ್ಕೆಟ್‌ಗೂ ಜೊತೆ ಹುಡುಕುತ್ತಿದ್ದವಳು ನಾನು! ನನ್ನ ಪಾಡಿಗೆ ನಾನು ಅಲೆಯುವುದು ಇಷ್ಟ ಅಂತ ಗೊತ್ತಾದದ್ದೇ ಅಲ್ಲಿ.

ಈಗ ಅವಳು ದಸರಾಕ್ಕೆ ಬರುತ್ತಿದ್ದಾಳೆ. ಸರಸ್ವತಿಪುರಂನ ನಮ್ಮ ಮನೆಯಲ್ಲೇ ಉಳಿಯುತ್ತಾಳೆ. ವಿದೇಶಿಯರು ಮನೆಯಲ್ಲಿ ತಂಗಿದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಸಿ-ಫಾರಂ, ಅಂದರೆ ಅವರು ತಂಗಿರುವ ಮಾಹಿತಿ, ಸರ್ಕಾರಕ್ಕೆ ಕೊಡಬೇಕಲ್ವಾ? ಹೋಟೆಲಿನವರಲ್ಲ, ಸ್ವಂತ ಮನೆಯವರು ಯಾರಾದರೂ ತುಂಬಿದ್ದೀರಾ? ಯಾವ ದಾಖಲೆ ಕೇಳಿದರು? ಅಪ್ಪನಿಗೆ ಪೊಲೀಸ್ ಅಂದರೆ ಸುಮ್ನೆ ಗಾಬರಿ. ಜಂಬೂಸವಾರಿ ನೋಡಲು ನೂಕುನುಗ್ಗಲು ಜಾಸ್ತಿ ಇಲ್ಲದ ಜಾಗ ಗೊತ್ತಿದ್ದರೂ ಹೇಳಿ.