ಮೇಷ್ಟ್ರನ್ನ ಕೇಳಿ: ಬೆಲೆ, ಕೆಲಸ, ಹಿಂಜರಿತ

ಸದಸ್ಯ, ಮೈಸೂರು: ಸರ್, ಹಣದುಬ್ಬರ ಇಳಿದಿದೆ ಅಂತಾರೆ. ಅಂಗಡೀಲಿ ಯಾವುದರ ರೇಟೂ ಇಳಿದಿಲ್ವಲ್ಲ?

ಅರ್ಥಶಾಸ್ತ್ರ ಮೇಷ್ಟ್ರು: ಇಳಿದದ್ದು ಏರಿಕೆಯ ವೇಗ. 100 ರೂಪಾಯಿ ಸಾಮಾನು ಈ ವರ್ಷ 107, ಮರುವರ್ಷ 110 ಆದರೆ ಹಣದುಬ್ಬರ 7%ರಿಂದ 3%ರ ಆಸುಪಾಸಿಗೆ ಬಂತು. ನೀವು ಕೊಡೋದು 110 ತಾನೆ.

ಸದಸ್ಯೆ, ಹುಬ್ಬಳ್ಳಿ: ಮಗ ಬಿ.ಇ. ಮುಗಿಸಿ ಎರಡು ವರ್ಷ ಆತ್ರಿ, ನೌಕರಿ ಇಲ್ಲ. ಮುಂಜಾನೆ ಅವರಪ್ಪನ ಗಿರಣ್ಯಾಗ ಎರಡು ತಾಸು ಜ್ವಾಳ ಬೀಸಿ ಕೊಡ್ತಾನ, ಪಗಾರ ಇಲ್ಲ. ಸರ್ವೇಕ್ಕ ಬಂದವರು 'ಕೆಲಸ ಐತಿ' ಅಂತ ಬರಕೊಂಡ್ರು. ಹೆಂಗ್ರೀ ಇದು? ಈಗೀಗ ಅರ್ಜಿ ಹಾಕೋದೂ ಬಿಟ್ಟಾನ.

ಮೇಷ್ಟ್ರು: ಅಮ್ಮಾ, ಅವರು ನಿಯಮದಂತೆ ಬರೆದಿದ್ದಾರೆ, ನಿಮ್ಮ ಸಂಕಟವೂ ನಿಜ. ಕಾರ್ಮಿಕ ಬಲ ಸಮೀಕ್ಷೆಯ ವಾರದ ಲೆಕ್ಕದಲ್ಲಿ ಏಳು ದಿನಕ್ಕೆ ಒಂದು ತಾಸು ದುಡಿದವರೂ ಉದ್ಯೋಗಸ್ಥರೇ. ಮನೆಯ ಗಿರಣಿ, ಹೊಲದಲ್ಲಿ ಸಂಬಳವಿಲ್ಲದೆ ದುಡಿದರೂ ಅಷ್ಟೆ. 2023-24ರ 3.2% ನಿರುದ್ಯೋಗ ವರ್ಷದ ಲೆಕ್ಕದ್ದು. ಅಲ್ಲಿ ಉಪಕಸುಬಾಗಿ 30 ದಿನ ದುಡಿದರೂ ಸಾಕು. 15ರಿಂದ 29ರ ವಯಸ್ಸಿನವರನ್ನಷ್ಟೇ ಲೆಕ್ಕಕ್ಕೆ ತಗೊಂಡರೆ ಅದೇ ಸಮೀಕ್ಷೆಯಲ್ಲಿ 10.2%.

ನನಗೆ ಕಳವಳ ಆದದ್ದು ನಿಮ್ಮ ಕೊನೇ ಸಾಲಿಂದ. ಗಿರಣಿಗೂ ಹೋಗದೆ, ಕೆಲಸವೇ ಬೇಡ ಅಂತ ಕೂತರೆ ಅವನು ನಿರುದ್ಯೋಗಿಗಳ ಪಟ್ಟಿಯಲ್ಲೂ ಇರಲ್ಲ, 'ಕಾರ್ಮಿಕ ಬಲದ ಹೊರಗೆ'. ನಿರುದ್ಯೋಗಿಗಳು ಹೀಗೆ ಕೈಚೆಲ್ಲಿದಷ್ಟೂ ದರ ಇಳಿದು ಕಾಣುತ್ತೆ. ಹಿಂಜರಿತದಲ್ಲಿ, ಅಂದರೆ ದೇಶದ ಉತ್ಪಾದನೆ, ವ್ಯಾಪಾರ ಕುಗ್ಗಿದಾಗ, ಹೋದ ಕೆಲಸ ಚೇತರಿಕೆಯಲ್ಲಿ ಮರಳಬಹುದು. ಕಲಿತದ್ದಕ್ಕೂ ಕಂಪನಿ ಕೇಳೋದಕ್ಕೂ ತಾಳೆ ಆಗದಿದ್ದರೆ ಬರೀ ಚೇತರಿಕೆ ಸಾಲದು. ಅವನದು ಯಾವ ಬ್ರಾಂಚು? ಎಲ್ಲೆಲ್ಲಿ ಅರ್ಜಿ ಹಾಕಿದ್ದ?

ಸದಸ್ಯ, ತುಮಕೂರು: ಹೋಮ್ ಲೋನ್ ಈಗ ತಗೋಬಹುದಾ ಸರ್?

ಸದಸ್ಯ, ದಾವಣಗೆರೆ: ಫಾರ್ವರ್ಡ್: 'ಆರ್‌ಬಿಐ ನೋಟು ಮುದ್ರಿಸಿ ಹಂಚಿದರೆ ಬಡತನ ಮಾಯ! 10 ಜನಕ್ಕೆ ಕಳಿಸಿ'

ಮೇಷ್ಟ್ರು: ಒಬ್ಬರಿಗೂ ಕಳಿಸಬೇಡಿ. ಜಿಂಬಾಬ್ವೆ ಮುದ್ರಿಸಿತು. 2009ರಲ್ಲಿ 100 ಲಕ್ಷ ಕೋಟಿ ಡಾಲರಿನ ನೋಟು ಬಂತು, ಅದೇ ವರ್ಷ ಆ ಕರೆನ್ಸಿಯನ್ನೇ ಕೈಬಿಟ್ಟರು.

ಸದಸ್ಯೆ, ಬೆಂಗಳೂರು: ರೈತರ ದುರಾಸೆಯಿಂದಲೇ ಬೆಲೆ ಏರೋದು. 2023ರಲ್ಲಿ ಟೊಮೇಟೊ ನೆನಪಿಲ್ವಾ, ಕೆ.ಜಿ.ಗೆ 100 ದಾಟಿತ್ತು.

ಸದಸ್ಯ, ಕೋಲಾರ: 15 ಕೆ.ಜಿ. ಬಾಕ್ಸಿಗೆ ಕೀಳೋ ಕೂಲಿನೂ ಹುಟ್ಟದೆ ರಸ್ತೆಗೆ ಸುರಿದಾಗ ಎಲ್ಲಿದ್ರಿ ಮೇಡಂ?

ಸದಸ್ಯೆ, ಬೆಂಗಳೂರು: ಸುರಿಯೋ ಬದಲು ನಮಗೆ ಕೊಡಬಹುದಿತ್ತು.

ಸದಸ್ಯ, ಕೋಲಾರ: ಲಾರಿ ಬಾಡಿಗೆ ನೀವು ಕೊಡ್ತಿದ್ರಾ?

ಮೇಷ್ಟ್ರು: ಇಬ್ಬರೂ ನಿಲ್ಲಿಸಿ. 2023ರ ಜುಲೈನಲ್ಲಿ ಚಿಲ್ಲರೆ ಹಣದುಬ್ಬರ 7.44%, ಸೆಪ್ಟೆಂಬರಿನಲ್ಲಿ 5.02%. ಹೊಸ ಫಸಲು ಬಂತು, ತರಕಾರಿ ಬೆಲೆ ಇಳೀತು. ದುರಾಸೆಯ ಮಾತು ವಾಪಸ್ ತಗೊಳ್ಳಿ.

ಸದಸ್ಯ, ಹಾಸನ: ಹಣದುಬ್ಬರ ಇಳಿದ್ರೂ ರೇಟ್ ಯಾಕೆ ಇಳಿದಿಲ್ಲ ಸರ್?

ಮೇಷ್ಟ್ರು: ಮೊದಲನೇ ಉತ್ತರ ಓದಿ.

ಸದಸ್ಯ, ದಾವಣಗೆರೆ: ಹುಬ್ಬಳ್ಳಿ ಅಕ್ಕಾವ್ರಿಗೆ, ಫಾರ್ವರ್ಡ್: '20,000 ಡಿಪಾಸಿಟ್ ಕಟ್ಟಿ, ಗ್ಯಾರಂಟಿ ಜಾಬ್ ಪಡೆಯಿರಿ'

ಮೇಷ್ಟ್ರು: ಅಡ್ಮಿನ್, ಅಳಿಸಿ ಇದನ್ನ, ಈಗಲೇ. ಅಮ್ಮಾ, ಕೆಲಸ ಕೊಡ್ತೀವಿ ಅಂತ ಮೊದಲು ದುಡ್ಡು ಕೇಳಿದರೆ ಒಂದು ರೂಪಾಯಿನೂ ಕಟ್ಟಬೇಡಿ. ಇದನ್ನ ಹಾಕಿದವರೇ, ಓದಿ ನೋಡಿದ್ರಾ ನೀವು?

ಸದಸ್ಯೆ, ಹುಬ್ಬಳ್ಳಿ: ಕಟ್ಟಂಗಿಲ್ರಿ. ಮೆಕ್ಯಾನಿಕಲ್ ರೀ ಸರ್. ಎಲ್ಲಾ ಬೆಂಗಳೂರಿಗೇ ಹಾಕಿದ್ದ.

ಮೇಷ್ಟ್ರು: ಅವನಿಂದಲೇ ನನಗೆ ಬರೆಸಿ, ಇವತ್ತೇ. ಗಿರಣಿ ಮೋಟಾರು ಕೆಟ್ಟಾಗ ಬಿಚ್ಚಿ ಸರಿ ಮಾಡೋದು ಅವನೇನಾ, ಅದನ್ನೂ ಬರೀಲಿ.