ಥ್ರೆಡ್‌ಗಳಿರುವ ಪ್ರೋಗ್ರಾಮಿನಲ್ಲಿ ಫೋರ್ಕ್ ಮಾಡಿದರೆ ಚೈಲ್ಡ್ ಪ್ರೊಸೆಸ್ ನಡುವೆಯೇ ನಿಲ್ಲುವುದೇಕೆ?

ಚಾಲಿಗೋಣಿ, ಬದಿಯಡ್ಕ:

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಸಹಕಾರಿ ಸಂಘವೊಂದರ ಅಡಿಕೆ ಖರೀದಿ ಕೇಂದ್ರದಲ್ಲಿ ಬಳಕೆಯಲ್ಲಿರುವ, ಸಿ ಭಾಷೆಯಲ್ಲಿ ಬರೆದ ಸಣ್ಣ ಪ್ರೋಗ್ರಾಮೊಂದನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಉಬುಂಟು ಇರುವ ಕಂಪ್ಯೂಟರಿನಲ್ಲಿ ಓಡುವ ಇದಕ್ಕೆ ಮೂರು ಥ್ರೆಡ್‌ಗಳಿವೆ, ಅಂದರೆ ಒಂದೇ ಪ್ರೋಗ್ರಾಮಿನೊಳಗೆ ಒಟ್ಟೊಟ್ಟಿಗೆ ನಡೆಯುವ ಮೂರು ಕೆಲಸದ ಎಳೆಗಳು. ಒಂದು ಸೀರಿಯಲ್ ಪೋರ್ಟಿನ ಮೂಲಕ ಎಲೆಕ್ಟ್ರಾನಿಕ್ ತಕ್ಕಡಿಯ ತೂಕವನ್ನು ಓದುತ್ತದೆ, ಇನ್ನೊಂದು ಪರದೆಯನ್ನು ನೋಡಿಕೊಳ್ಳುತ್ತದೆ, ಮತ್ತೊಂದು ಲೆಕ್ಕವನ್ನು ಎಸ್‌ಕ್ಯುಲೈಟ್ ಡೇಟಾಬೇಸಿಗೆ ಸೇರಿಸುತ್ತದೆ. ಬಿಲ್ಲಿನಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡಬೇಕಾದ್ದರಿಂದ ಅದನ್ನು ಜೋಡಿಸಿ ಪ್ರಿಂಟರಿಗೆ ಕಳುಹಿಸುವ ಕೆಲಸವನ್ನು ಬೇರೊಂದು ಪ್ರೋಗ್ರಾಮಿಗೆ ವಹಿಸಿದ್ದೇವೆ. ಪರದೆಯ ಥ್ರೆಡ್ ಫೋರ್ಕ್ ಮಾಡುತ್ತದೆ, ಅಂದರೆ ಓಡುತ್ತಿರುವ ಪ್ರೋಗ್ರಾಮಿನ (ಪ್ರೊಸೆಸ್ಸಿನ) ಪ್ರತಿಯೊಂದನ್ನು ಹುಟ್ಟಿಸುತ್ತದೆ; ಆ ಪ್ರತಿಯೇ ಚೈಲ್ಡ್, ಮೂಲವು ಪೇರೆಂಟ್. ಚೈಲ್ಡ್ ಪ್ರೊಸೆಸ್ ಲಾಗ್ ಫೈಲಿಗೆ ‘ಬಿಲ್ಲು ಆರಂಭ’ ಎಂಬ ಸಾಲನ್ನು ಬರೆದು, ಎಕ್ಸೆಕ್ ಮೂಲಕ ತನ್ನ ಜಾಗದಲ್ಲಿ ಆ ಬಿಲ್ಲಿನ ಪ್ರೋಗ್ರಾಮನ್ನು ಆರಂಭಿಸುತ್ತದೆ.

ಉಳಿದ ದಿನಗಳಲ್ಲಿ ಏನೂ ತೊಂದರೆಯಿಲ್ಲ. ಆದರೆ ಧಾರಣೆ ಏರಿ, ಚಾಲಿ ಮಾರುವವರು ಗೋಣಿಗಳೊಂದಿಗೆ ಸಾಲುಗಟ್ಟಿ ನಿಂತ ದಿನ ಒಂದೆರಡು ಬಿಲ್ಲುಗಳು ಬರುವುದೇ ಇಲ್ಲ. ಅಂತಹ ಹೊತ್ತಿನಲ್ಲಿ ಪಿಎಸ್ ಆಜ್ಞೆಯನ್ನು ‘-ಇಎಲ್‌ಎಫ್’ ಆಯ್ಕೆಯೊಂದಿಗೆ ಓಡಿಸಿದರೆ, ನಮ್ಮ ಪ್ರೋಗ್ರಾಮಿನದೇ ಹೆಸರಿನಲ್ಲಿ ಇನ್ನೊಂದು ಪ್ರೊಸೆಸ್ ಕಾಣುತ್ತದೆ. ಥ್ರೆಡ್‌ಗಳ ಸಂಖ್ಯೆಯನ್ನು ತೋರಿಸುವ ಎನ್‌ಎಲ್‌ಡಬ್ಲ್ಯುಪಿ ಕಾಲಮಿನಲ್ಲಿ ಮೂಲ ಪ್ರೊಸೆಸ್ಸಿಗೆ 3 ಎಂದೂ ಇದಕ್ಕೆ 1 ಎಂದೂ ಇರುತ್ತದೆ. ಸಿಸ್ಟಮ್ ಕಾಲ್‌ಗಳನ್ನು (ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್‌ಗೆ ಪ್ರೊಸೆಸ್ ಸಲ್ಲಿಸುವ ಕೋರಿಕೆಗಳನ್ನು) ತೋರಿಸುವ ಎಸ್‌ಟ್ರೇಸ್ ಅನ್ನು ಅದಕ್ಕೆ ಜೋಡಿಸಿದಾಗ ಬರುವುದು ಇಷ್ಟೇ:

ಫ್ಯೂಟೆಕ್ಸ್(…, ಫ್ಯೂಟೆಕ್ಸ್_ವೆಯ್ಟ್_ಪ್ರೈವೇಟ್, 2, ನಲ್

ಆವರಣ ಮುಚ್ಚುವುದೂ ಇಲ್ಲ, ಮುಂದಿನ ಸಾಲು ಬರುವುದೂ ಇಲ್ಲ. ಈ ಪ್ರೊಸೆಸ್ ಯಾರಿಗಾಗಿ ಕಾಯುತ್ತಿದೆ? ಫೋರ್ಕ್ ಎಂದರೆ ಇಡೀ ಪ್ರೊಸೆಸ್ಸಿನ ಪ್ರತಿ ಎಂದು ಓದಿದ್ದೇನೆ. ಹಾಗಿದ್ದರೆ ಉಳಿದೆರಡು ಥ್ರೆಡ್‌ಗಳು ಎಲ್ಲಿ ಹೋದವು? ಇದರ ಜೊತೆಗೆ ಲಾಗಿನಲ್ಲಿ ಕೆಲವು ಸಾಲುಗಳು ಎರಡೆರಡು ಬಾರಿ ಬರುವುದನ್ನೂ, ಸಂಜೆಯ ಹೊತ್ತಿಗೆ ‘ಡಿಫಂಕ್ಟ್’ ಎಂದು ಗುರುತಾದ ಪ್ರೊಸೆಸ್‌ಗಳು ರಾಶಿ ಬೀಳುವುದನ್ನೂ ಕಂಡಿದ್ದೇನೆ.

ಮಧುವಾಹಿನಿ, ಕಾಸರಗೋಡು:

ಎನ್‌ಎಲ್‌ಡಬ್ಲ್ಯುಪಿ ಕಾಲಮನ್ನು ಗಮನಿಸಿದ್ದು ಒಳ್ಳೆಯದಾಯಿತು, ಏಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ.

ಲಿನಕ್ಸ್ ಕರ್ನಲ್ ಒಳಗೆ ಪ್ರೊಸೆಸ್, ಥ್ರೆಡ್ ಎಂಬ ಎರಡು ಬೇರೆ ಬೇರೆ ವಸ್ತುಗಳಿಲ್ಲ. ಇರುವುದು ಟಾಸ್ಕ್ ಒಂದೇ. ಹೊಸ ಟಾಸ್ಕ್ ಹುಟ್ಟುವಾಗ ಅದು ಹಳೆಯದರೊಂದಿಗೆ ಏನೇನನ್ನು ಹಂಚಿಕೊಳ್ಳಬೇಕು ಎಂಬುದನ್ನು ಕ್ಲೋನ್ ಸಿಸ್ಟಮ್ ಕಾಲಿಗೆ ಕೊಡುವ ಫ್ಲ್ಯಾಗ್‌ಗಳು ನಿರ್ಧರಿಸುತ್ತವೆ. ಥ್ರೆಡ್ ಹುಟ್ಟಿಸಲು ನೀವು ಪಿಥ್ರೆಡ್ ಕ್ರಿಯೇಟ್ ಕರೆದಾಗ ಸಿ ಲೈಬ್ರರಿಯು ಕ್ಲೋನ್_ವಿಎಂ, ಕ್ಲೋನ್_ಫೈಲ್ಸ್, ಕ್ಲೋನ್_ಸಿಗ್‌ಹ್ಯಾಂಡ್, ಕ್ಲೋನ್_ಥ್ರೆಡ್ ಮುಂತಾದ ಫ್ಲ್ಯಾಗ್‌ಗಳನ್ನು ಸೇರಿಸಿ ಕರೆಯುವುದರಿಂದ, ಮೆಮೊರಿಯೂ ತೆರೆದ ಫೈಲುಗಳೂ ಸಿಗ್ನಲ್ ಹ್ಯಾಂಡ್ಲರ್‌ಗಳೂ ಎಲ್ಲ ಥ್ರೆಡ್‌ಗಳಿಗೆ ಸಮಾನವಾಗಿ ದೊರೆಯುತ್ತವೆ. ಪ್ರೊಸೆಸ್ಸಿನ ಸಂಖ್ಯೆಯನ್ನು (ಪಿಐಡಿ) ಹೇಳುವ ಗೆಟ್‌ಪಿಐಡಿ ಎಲ್ಲ ಥ್ರೆಡ್‌ಗಳಲ್ಲಿಯೂ ಒಂದೇ ಸಂಖ್ಯೆಯನ್ನು ಕೊಟ್ಟರೂ, ಥ್ರೆಡ್‌ನ ಸಂಖ್ಯೆಯನ್ನು ಹೇಳುವ ಗೆಟ್‌ಟಿಐಡಿ ಬೇರೆ ಬೇರೆ ಸಂಖ್ಯೆಗಳನ್ನು ಕೊಡುವುದು ಇದೇ ಕಾರಣದಿಂದ. ಫೋರ್ಕ್ ಕೂಡ ಇಂದಿನ ಲಿನಕ್ಸಿನಲ್ಲಿ ಕ್ಲೋನ್ ಮೂಲಕವೇ ನಡೆಯುತ್ತದೆ; ಆದರೆ ಅದು ಹಂಚಿಕೊಳ್ಳುವ ಫ್ಲ್ಯಾಗ್‌ಗಳನ್ನು ಬಿಟ್ಟು, ಚೈಲ್ಡ್ ಮುಗಿದಾಗ ಪೇರೆಂಟಿಗೆ ಸಿಗ್‌ಚೈಲ್ಡ್ ಎಂಬ ಸಿಗ್ನಲ್ (ಸೂಚನೆ) ಕಳುಹಿಸಬೇಕೆಂದು ಮಾತ್ರ ಹೇಳುತ್ತದೆ.

ಯಾವ ರೀತಿಯಲ್ಲಿ ಕರೆದರೂ ಕ್ಲೋನ್ ಹುಟ್ಟಿಸುವುದು ಒಂದೇ ಒಂದು ಟಾಸ್ಕನ್ನು. ಹೀಗಾಗಿ ಚೈಲ್ಡ್ ಪ್ರೊಸೆಸ್ಸಿನಲ್ಲಿ ಫೋರ್ಕ್ ಕರೆದ ಥ್ರೆಡ್‌ನ ಪ್ರತಿ ಮಾತ್ರ ಇರುತ್ತದೆ. ಮೆಮೊರಿಯಾದರೋ ಪೂರ್ತಿಯಾಗಿ ಬರುತ್ತದೆ, ಪುಟಗಳನ್ನು ಯಾರಾದರೂ ಬದಲಿಸುವವರೆಗೆ ಎರಡೂ ಪ್ರೊಸೆಸ್‌ಗಳು ಅದನ್ನೇ ಓದುತ್ತಿರುತ್ತವೆ ಎಂಬುದು ಬೇರೆ ಮಾತು. ಮ್ಯೂಟೆಕ್ಸ್, ಅಂದರೆ ಒಂದು ಬಾರಿಗೆ ಒಂದೇ ಥ್ರೆಡ್ ಹಿಡಿಯಬಹುದಾದ ಬೀಗ, ಆ ಮೆಮೊರಿಯಲ್ಲಿರುವ ಒಂದು ಸಂಖ್ಯೆಯೇ ಅಲ್ಲವೇ? ತೂಕದ ಥ್ರೆಡ್ ಲಾಗ್ ಬರೆಯಲೆಂದು ಮ್ಯೂಟೆಕ್ಸ್ ಹಿಡಿದ ಕ್ಷಣದಲ್ಲಿಯೇ ಪರದೆಯ ಥ್ರೆಡ್ ಫೋರ್ಕ್ ಮಾಡಿದರೆ, ಚೈಲ್ಡಿಗೆ ಬರುವ ಪ್ರತಿಯಲ್ಲಿ ಆ ಮ್ಯೂಟೆಕ್ಸ್ ಹಿಡಿದ ಸ್ಥಿತಿಯಲ್ಲಿಯೇ ಇರುತ್ತದೆ. ಬೀಗ ಬಂತು, ಬೀಗದ ಕೈ ಹಿಡಿದವನು ಬರಲಿಲ್ಲ. ‘ಬಿಲ್ಲು ಆರಂಭ’ ಎಂದು ಬರೆಯಲು ಅದನ್ನು ಹಿಡಿಯಹೋದ ಚೈಲ್ಡ್ ಕಾಯುತ್ತಲೇ ಇರುತ್ತದೆ. ಎಸ್‌ಟ್ರೇಸಿನಲ್ಲಿ ಕಂಡ 2 ಎಂಬುದರ ಅರ್ಥ ‘ಹಿಡಿದಿದೆ, ಕಾಯುವವರೂ ಇರಬಹುದು’ ಎಂದು. ಪೈಪೋಟಿ ಇಲ್ಲದೆ ಹಿಡಿದಿದ್ದರೆ 1, ಬಿಡುವಾಗಿದ್ದರೆ 0. ಪೈಪೋಟಿ ಇಲ್ಲದಾಗ ಮ್ಯೂಟೆಕ್ಸ್ ಕರ್ನಲ್ ಕಡೆಗೆ ಹೋಗುವುದೇ ಇಲ್ಲ, ಬಳಕೆದಾರನ ಮೆಮೊರಿಯಲ್ಲಿಯೇ ಕೆಲಸ ಮುಗಿಯುತ್ತದೆ. ಕಾಯಬೇಕಾಗಿ ಬಂದಾಗ ಮಾತ್ರ ಫ್ಯೂಟೆಕ್ಸ್ ಸಿಸ್ಟಮ್ ಕಾಲ್ ಕಾಣಿಸಿಕೊಳ್ಳುತ್ತದೆ. ಗಿರಾಕಿಗಳು ಕಡಿಮೆಯಿದ್ದ ದಿನ ತೊಂದರೆ ಕಾಣದಿರುವುದು ಸಹಜ: ಫೋರ್ಕ್ ಮತ್ತು ಲಾಗ್ ಒಂದೇ ಕ್ಷಣದಲ್ಲಿ ಕೂಡಿಬರುವ ಸಂಭವವೇ ಅಂದು ಕಡಿಮೆ.

ಲಿನಕ್ಸಿನ ಸಿ ಲೈಬ್ರರಿಯಾದ ಜಿಲಿಬ್‌ಸಿಯು, ಮೆಮೊರಿ ಪಡೆಯುವ ಮಾಲಾಕ್ ಫಂಕ್ಷನ್‌ಗೆ ಬೇಕಾದ ತನ್ನ ಮ್ಯೂಟೆಕ್ಸ್‌ಗಳನ್ನು ಫೋರ್ಕ್ ಹೊತ್ತಿನಲ್ಲಿ ತಾನೇ ಸರಿಪಡಿಸಿಕೊಳ್ಳುತ್ತದೆ. ನಿಮ್ಮ ಲಾಗ್ ಮ್ಯೂಟೆಕ್ಸ್ ಇರುವ ಸುದ್ದಿಯೇ ಅದಕ್ಕಿಲ್ಲ.

ಎರಡೆರಡು ಸಾಲುಗಳ ಕಾರಣವೂ ಮೆಮೊರಿಯ ಪ್ರತಿಯೇ. ಎಫ್‌ಪ್ರಿಂಟ್‌ಎಫ್ ಬರೆದದ್ದು ಫೈಲಿಗೆ ಹೋಗದೆ ಮೆಮೊರಿಯ ಬಫರಿನಲ್ಲಿ (ತಾತ್ಕಾಲಿಕ ಜಾಗದಲ್ಲಿ) ಉಳಿದಿದ್ದರೆ, ಆ ಬಫರಿನ ಪ್ರತಿ ಚೈಲ್ಡಿಗೂ ಬರುತ್ತದೆ. ಅಲ್ಲಿ ಬಫರನ್ನು ಫೈಲಿಗೆ ಬರೆಯುವ ಎಫ್‌ಫ್ಲಶ್ ಮಾಡಿದರೆ, ಅಥವಾ ಎಕ್ಸೆಕ್ ವಿಫಲವಾಗಿ ಎಕ್ಸಿಟ್ ಕರೆದರೆ, ಪೇರೆಂಟ್ ಬರೆಯಬೇಕಾದ ಸಾಲನ್ನು ಚೈಲ್ಡೂ ಬರೆಯುತ್ತದೆ. ಎಕ್ಸೆಕ್ ವಿಫಲವಾದಾಗ ಚೈಲ್ಡಿನಲ್ಲಿ ಬಳಸಬೇಕಾದದ್ದು ಬಫರನ್ನು ಬರೆಯದೆ ಮುಗಿಸುವ, ಅಡಿಗೆರೆಯಿಂದ ಆರಂಭವಾಗುವ _ಎಕ್ಸಿಟ್ ಅನ್ನು.

ಹೊಸೂರು_ಕನ್ನಡಿಗ, ಹೊಸೂರು:

ಮಧುವಾಹಿನಿಯವರ ವಿವರಣೆ ಸರಿಯಾಗಿದೆ. ಪರಿಹಾರಕ್ಕೆ ಪಿಥ್ರೆಡ್ ಅಟ್‌ಫೋರ್ಕ್ ಇದೆಯಲ್ಲವೇ? ಫೋರ್ಕಿಗೆ ಮುಂಚೆ ಮ್ಯೂಟೆಕ್ಸ್ ಹಿಡಿದು, ಆಮೇಲೆ ಪೇರೆಂಟಿನಲ್ಲಿಯೂ ಚೈಲ್ಡಿನಲ್ಲಿಯೂ ಅದನ್ನು ಬಿಡುವ ಮೂರು ಫಂಕ್ಷನ್‌ಗಳನ್ನು ನೋಂದಾಯಿಸಿದರೆ, ಉಳಿದ ಕೋಡನ್ನು ಮುಟ್ಟಬೇಕಾಗಿಲ್ಲ.

ಪೈಥಾನ್ ಬಳಸುವವರಿಗೂ ಇದೇ ತೊಡಕಿದೆ. 2023ರ 3.12ನೇ ಆವೃತ್ತಿಯಿಂದ, ಥ್ರೆಡ್‌ಗಳಿರುವಾಗ ಫೋರ್ಕ್ ಮಾಡಿದರೆ ಪೈಥಾನ್ ಎಚ್ಚರಿಕೆ ಕೊಡುತ್ತದೆ, 3.14ರಲ್ಲಿ ಲಿನಕ್ಸ್ ಮೇಲಿನ ಮಲ್ಟಿಪ್ರೊಸೆಸಿಂಗ್ ತಾನಾಗಿ ಫೋರ್ಕ್ ಬಳಸುವುದನ್ನೇ ಬಿಟ್ಟು ಫೋರ್ಕ್‌ಸರ್ವರ್ ವಿಧಾನಕ್ಕೆ ಬಂದಿದೆ.

ಮಧುವಾಹಿನಿ, ಕಾಸರಗೋಡು:

ಅಟ್‌ಫೋರ್ಕ್ ಮೇಲೆ ನನಗೆ ಅಷ್ಟು ಭರವಸೆಯಿಲ್ಲ. ನಾವೇ ಬರೆದ ಒಂದು ಮ್ಯೂಟೆಕ್ಸ್ ಇದ್ದಾಗ ಅದು ನಡೆದೀತು. ಮೂರನೆಯವರ ಲೈಬ್ರರಿಗಳೊಳಗಿನ ಮ್ಯೂಟೆಕ್ಸ್‌ಗಳನ್ನು ನಾವು ಹಿಡಿಯುವುದು ಹೇಗೆ? ಒಂದು ಡೇಟಾಬೇಸ್ ಕನೆಕ್ಷನ್ನನ್ನು ತೆರೆದು, ಫೋರ್ಕ್ ಮಾಡಿ, ಅದನ್ನು ಚೈಲ್ಡಿನಲ್ಲಿ ಬಳಸಬಾರದು ಎಂದು ಎಸ್‌ಕ್ಯುಲೈಟ್ ದಾಖಲೆಗಳೇ ಹೇಳುತ್ತವೆ. ಯೂನಿಕ್ಸ್ ಮಾದರಿಯ ವ್ಯವಸ್ಥೆಗಳ ಮಾನದಂಡವಾದ ಪೊಸಿಕ್ಸ್‌ನ ನಿಯಮವೂ ಕಟ್ಟುನಿಟ್ಟಾಗಿದೆ: ಬಹು ಥ್ರೆಡ್‌ಗಳ ಪ್ರೊಸೆಸ್ ಫೋರ್ಕ್ ಮಾಡಿದ ಮೇಲೆ, ಎಕ್ಸೆಕ್ ಆಗುವವರೆಗೆ ಚೈಲ್ಡಿನಲ್ಲಿ ಸಿಗ್ನಲ್ ಹ್ಯಾಂಡ್ಲರ್ ಒಳಗೆ ಕರೆಯಲು ಯೋಗ್ಯವಾದ ಫಂಕ್ಷನ್‌ಗಳನ್ನು ಮಾತ್ರ ಕರೆಯಬಹುದು. ರೈಟ್, ಡ್ಯುಪ್2, ಎಕ್ಸೆಕ್‌ವಿಇ, _ಎಕ್ಸಿಟ್ ಆ ಪಟ್ಟಿಯಲ್ಲಿವೆ. ಪ್ರಿಂಟ್‌ಎಫ್, ಮಾಲಾಕ್, ಮ್ಯೂಟೆಕ್ಸ್ ಹಿಡಿಯುವುದು ಅದರಲ್ಲಿಲ್ಲ. ಜಿಲಿಬ್‌ಸಿ ಮಾಲಾಕ್‌ಗೆ ತೋರುವ ಔದಾರ್ಯವನ್ನು ಎಲ್ಲ ಕಡೆ ನಿರೀಕ್ಷಿಸುವಂತಿಲ್ಲ.

ಇಲ್ಲಿ ಹೇಗಿದ್ದರೂ ಹೊಸ ಪ್ರೋಗ್ರಾಮನ್ನೇ ಓಡಿಸಬೇಕಾಗಿರುವುದರಿಂದ ಫೋರ್ಕ್, ಎಕ್ಸೆಕ್ ಎರಡರ ಕೆಲಸವನ್ನೂ ಒಂದೇ ಕರೆಯಲ್ಲಿ ಮಾಡುವ ಪೊಸಿಕ್ಸ್ ಸ್ಪಾನ್ ಸಾಕು. ‘ಬಿಲ್ಲು ಆರಂಭ’ ಎಂಬ ಸಾಲನ್ನು ಪೇರೆಂಟಿನಲ್ಲಿ, ಸ್ಪಾನ್ ಮಾಡುವುದಕ್ಕೆ ಮುಂಚೆಯೇ ಬರೆಯಲಿ. 2016ರಲ್ಲಿ ಬಂದ ಜಿಲಿಬ್‌ಸಿ 2.24ರಿಂದ ಲಿನಕ್ಸಿನಲ್ಲಿ ಈ ಫಂಕ್ಷನ್ ಕ್ಲೋನ್_ವಿಎಂ, ಕ್ಲೋನ್_ವಿಫೋರ್ಕ್ ಫ್ಲ್ಯಾಗ್‌ಗಳನ್ನು ಬಳಸುತ್ತದೆ: ಚೈಲ್ಡ್ ಎಕ್ಸೆಕ್ ಮಾಡುವವರೆಗೆ ಕರೆದ ಥ್ರೆಡ್ ನಿಂತಿರುತ್ತದೆ, ಮೆಮೊರಿಯ ನಕ್ಷೆಯನ್ನು ನಕಲು ಮಾಡುವ ಖರ್ಚೂ ಉಳಿಯುತ್ತದೆ. ಬಿಲ್ಲಿನ ಪ್ರೋಗ್ರಾಮ್ ಫೈಲೇ ಸಿಗದಿದ್ದರೆ ತಪ್ಪಿನ ಸಂಖ್ಯೆ ನೇರವಾಗಿ ಪೇರೆಂಟಿಗೆ ಬರುತ್ತದೆ.

ಇನ್ನೊಂದು ಮಾತು. ಸೀರಿಯಲ್ ಪೋರ್ಟನ್ನು ತೆರೆಯುವಾಗ, ಎಕ್ಸೆಕ್ ಆದಾಗ ಅದನ್ನು ಮುಚ್ಚುವ ಒ_ಕ್ಲೋಎಕ್ಸೆಕ್ ಫ್ಲ್ಯಾಗ್ ಕೊಡಿರಿ. ಇಲ್ಲವಾದರೆ ತಕ್ಕಡಿಯ ಪೋರ್ಟ್ ಬಿಲ್ಲಿನ ಪ್ರೋಗ್ರಾಮಿನಲ್ಲಿಯೂ ತೆರೆದೇ ಇರುತ್ತದೆ.

ಚಾಲಿಗೋಣಿ, ಬದಿಯಡ್ಕ:

ಇಬ್ಬರಿಗೂ ಧನ್ಯವಾದಗಳು. ಸ್ಪಾನ್ ಬಳಸಿ ಬರೆದ ಕೋಡಿನಲ್ಲಿ, ತೂಕದ ಥ್ರೆಡ್ ಬಿಡುವಿಲ್ಲದೆ ಲಾಗ್ ಬರೆಯುವಂತೆ ಮಾಡಿ ಪರೀಕ್ಷಿಸಿದೆ, ಒಂದೂ ನಿಲ್ಲಲಿಲ್ಲ. ಹಳೆಯ ಕೋಡನ್ನು ಅದೇ ರೀತಿ ಓಡಿಸಿದಾಗ ಬೇಗನೆ ಸಿಕ್ಕಿಹಾಕಿಕೊಂಡಿತು. ಡಿಫಂಕ್ಟ್ ರಾಶಿ ಮಾತ್ರ ಹಾಗೆಯೇ ಇದೆ. ಅದಕ್ಕೆ ಕಿಲ್ -9 ಕೊಟ್ಟರೂ ಹೋಗುವುದಿಲ್ಲ. ಚೈಲ್ಡ್ ಮುಗಿಯುವುದನ್ನು ಕಾಯುವ ವೆಯ್ಟ್‌ಪಿಐಡಿಯನ್ನು ಯಾವ ಥ್ರೆಡ್‌ನಲ್ಲಿ ಕರೆಯಬೇಕು, ಸ್ಪಾನ್ ಮಾಡಿದ ಥ್ರೆಡ್‌ನಲ್ಲಿಯೇ ಆಗಬೇಕೇ?

ಕುಂಬಳೆಸೀಮೆ, ಉಪ್ಪಳ:

ಡಿಫಂಕ್ಟ್ ಅಥವಾ ಜೋಂಬಿ ಎಂದರೆ ಆಗಲೇ ಸತ್ತ ಪ್ರೊಸೆಸ್. ಅದರ ಮೆಮೊರಿ, ಫೈಲುಗಳು ಎಲ್ಲ ಮರಳಿವೆ. ಹೇಗೆ ಮುಗಿಯಿತು ಎಂಬ ಸ್ಥಿತಿಯನ್ನು ಪೇರೆಂಟ್ ಕೇಳುವವರೆಗೆ ಪ್ರೊಸೆಸ್ ಪಟ್ಟಿಯಲ್ಲಿ ಒಂದು ನಮೂದು ಉಳಿದಿರುತ್ತದೆ, ಅಷ್ಟೇ. ಅದನ್ನು ಮತ್ತೆ ಕೊಲ್ಲಲು ಆಗುವುದಿಲ್ಲ. ಪೇರೆಂಟ್ ವೆಯ್ಟ್‌ಪಿಐಡಿ ಕರೆಯಬೇಕು, ಇಲ್ಲವೇ ಪೇರೆಂಟೇ ಮುಗಿದು, ಆ ನಮೂದು 1ನೇ ಸಂಖ್ಯೆಯ ಪ್ರೊಸೆಸ್ಸಿನ ಪಾಲಿಗೆ ಹೋಗಿ ತೆರವಾಗಬೇಕು.

ಲಿನಕ್ಸಿನಲ್ಲಿ ಒಂದು ಥ್ರೆಡ್ ಹುಟ್ಟಿಸಿದ ಚೈಲ್ಡಿಗಾಗಿ ಅದೇ ಪ್ರೊಸೆಸ್ಸಿನ ಯಾವ ಥ್ರೆಡ್ ಬೇಕಾದರೂ ಕಾಯಬಹುದು. ಪಿಐಡಿಯ ಜಾಗದಲ್ಲಿ -1 ಕೊಟ್ಟು ಎಲ್ಲರಿಗೂ ಕಾಯುವ ಅಭ್ಯಾಸವನ್ನು ಮಾತ್ರ ಬಿಡಿರಿ. ಹಾಗೆ ಮಾಡಿದರೆ ಇನ್ನೊಂದು ಥ್ರೆಡ್ ತಾನು ಹುಟ್ಟಿಸಿದ ಚೈಲ್ಡಿಗಾಗಿ ಕಾಯುತ್ತಿದ್ದಾಗ ಅದರ ಉತ್ತರವನ್ನು ನೀವು ಕಸಿದುಕೊಂಡಂತಾಗುತ್ತದೆ. ಸ್ಪಾನ್ ಕೊಟ್ಟ ಪಿಐಡಿಗಳನ್ನು ಬರೆದಿಟ್ಟುಕೊಂಡು, ಒಂದೊಂದಕ್ಕೂ, ಕಾಯದೆ ಕೂಡಲೇ ಮರಳುವ ಡಬ್ಲ್ಯುನೋಹ್ಯಾಂಗ್ ಫ್ಲ್ಯಾಗಿನೊಂದಿಗೆ ಆಗಾಗ ಕೇಳಿರಿ. ಸಿಗ್‌ಚೈಲ್ಡ್ ಬಂದಷ್ಟೂ ಸಲ ಒಂದೇ ಚೈಲ್ಡ್ ಮುಗಿದಿದೆ ಎಂದು ಲೆಕ್ಕ ಹಾಕಬೇಡಿರಿ, ಏಕೆಂದರೆ ಒಂದು ಸಿಗ್ನಲ್ ಬಾಕಿಯಿರುವಾಗ ಬಂದ ಅದೇ ಸಿಗ್ನಲ್‌ಗಳು ಅದರಲ್ಲಿಯೇ ಸೇರಿಹೋಗುತ್ತವೆ.

ಬಿಲ್ಲು ಸರಿಯಾಗಿ ಹೋಯಿತೇ ಎಂಬುದು ನಿಮಗೆ ಬೇಕಾಗದಿದ್ದರೆ ಸಿಗ್‌ಚೈಲ್ಡನ್ನು ಕಡೆಗಣಿಸುವಂತೆ ಹೇಳಿಬಿಡಬಹುದಿತ್ತು, ಆಗ ಜೋಂಬಿಗಳೇ ಉಳಿಯುವುದಿಲ್ಲ. ಆದರೆ ಹಣದ ವ್ಯವಹಾರದಲ್ಲಿ ಎಕ್ಸಿಟ್ ಸ್ಥಿತಿಯನ್ನು ಎಸೆಯುವುದು ನನಗೆ ಒಪ್ಪಿಗೆಯಾಗದು. ನಿಮ್ಮ ಕರ್ನಲ್ 2019ರ 5.3ಕ್ಕಿಂತ ಹಳೆಯದಲ್ಲದಿದ್ದರೆ ಪಿಐಡಿಎಫ್‌ಡಿ_ಓಪನ್ ಕೂಡ ಇದೆ: ಚೈಲ್ಡನ್ನು ಸೂಚಿಸುವ ಒಂದು ಫೈಲ್ ಡಿಸ್ಕ್ರಿಪ್ಟರ್ (ತೆರೆದ ಫೈಲಿನ ಸಂಖ್ಯೆ) ನಿಮಗೆ ಸಿಗುತ್ತದೆ, ಹಲವು ಡಿಸ್ಕ್ರಿಪ್ಟರ್‌ಗಳನ್ನು ಒಟ್ಟಿಗೆ ಕಾಯುವ ಪೋಲ್ ಚೈಲ್ಡ್ ಮುಗಿದಾಗ ಅದನ್ನು ತಿಳಿಸುತ್ತದೆ. ತಕ್ಕಡಿಯ ಪೋರ್ಟಿಗಾಗಿ ನೀವು ಪೋಲ್ ಬಳಸುತ್ತಿದ್ದರೆ ಇದನ್ನೂ ಅದೇ ಪಟ್ಟಿಗೆ ಸೇರಿಸಿ, ಸುದ್ದಿ ಬಂದ ಕೂಡಲೇ ಆ ಒಂದು ಪಿಐಡಿಗೆ ವೆಯ್ಟ್‌ಪಿಐಡಿ ಕರೆಯಿರಿ.